ಕೇಬಲ್ ಇಲ್ಲದವರಿಗೇ ಫೈನಲ್

ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಟದ ಮಾತು ಕಡಿಮೆ, ವೈರಿನ ಮಾತು ಜಾಸ್ತಿ. ಕೇಬಲ್ ತೆಗೆಸಿದ್ದೇವೆ, ಮ್ಯಾಚ್ ಎಲ್ಲಿ ನೋಡೋದು ಸ್ವಾಮಿ? ಸಂಪಾದಕರೂ ಈ ವಾರ ಅದನ್ನೇ ಬರೆಯಿರಿ ಎಂದಿದ್ದಾರೆ. ಆಗಲಿ.

ಮೊದಲು ಒಂದು ಹಳೇ ಬಾಕಿ ಚುಕ್ತಾ ಮಾಡುತ್ತೇನೆ. ಯಾರೋ ಕಳಿಸಿದ ಕಳ್ಳ ಲಿಂಕಿನಲ್ಲಿ ನೋಡುವ ಪಂಥವೊಂದಿದೆ. ಕಾನೂನು ಒತ್ತಟ್ಟಿಗಿರಲಿ, ಪೆನಾಲ್ಟಿ ಒದೆಯುವ ಹೊತ್ತಿಗೆ ಸರಿಯಾಗಿ ಪರದೆ ತುಂಬ ಬೆಟ್ಟಿಂಗ್ ಜಾಹೀರಾತು ಬಂದು ಕೂರುತ್ತದೆ. ಮುಚ್ಚಲು ಮೂಲೆಯ ಗುರುತು ಒತ್ತಿದರೆ ಇನ್ನೊಂದು ತೆರೆಯುತ್ತದೆ. 2022ರ ಕತಾರ್ ಕೂಟದ 64 ಪಂದ್ಯಗಳೂ ಜಿಯೊಸಿನಿಮಾದಲ್ಲಿ ಚಂದಾ ಇಲ್ಲದೆ ಸಿಗುತ್ತಿದ್ದಾಗಲೂ ಇವರು ಕದ್ದೇ ನೋಡಿದರು. ಅದು ದುಡ್ಡಿಲ್ಲದ್ದಕ್ಕಲ್ಲ, ಚಟಕ್ಕೆ.

ಆ್ಯಪ್ ನೆಚ್ಚಿದವರಿಗೆ ಒಂದೇ ಮಾತು. 2014, 2018ರಲ್ಲಿ ಪ್ರಸಾರದ ಹಕ್ಕು ಸೋನಿ ಬಳಿ ಇತ್ತು, 2022ರಲ್ಲಿ ವಯಾಕಾಮ್18 ಕೈಗೆ ಹೋಯಿತು. ಹೋದ ಸಲ ಬಂದ ಕಡೆಯೇ ಈ ಸಲವೂ ಬರುತ್ತದೆಂದು ವರ್ಷದ ಚಂದಾ ಕಟ್ಟಬೇಡಿ. ಕೂಟ ಕೆಲವೇ ವಾರಗಳದ್ದು, ತಿಂಗಳ ಲೆಕ್ಕದ ಪ್ಯಾಕ್ ಇದ್ದರೆ ಸಾಕು.

ಆದರೆ ಆ್ಯಪಿಗೆ ಹುಟ್ಟುರೋಗವೊಂದಿದೆ: ತಡ. ಡಿಷ್ಷಿನಲ್ಲಿ ಬರುವ ಚಿತ್ರಕ್ಕಿಂತ ಅರ್ಧ ನಿಮಿಷದಷ್ಟು ಹಿಂದೆ ಬಿದ್ದರೂ ಆಶ್ಚರ್ಯವಿಲ್ಲ. ಕತಾರಿನ ಫೈನಲ್‌ನಲ್ಲಿ ಎಂಬಾಪೆ 97 ಸೆಕೆಂಡುಗಳಲ್ಲಿ ಎರಡು ಗೋಲು ಹೊಡೆದನಲ್ಲ, ಆಗ ಮೊಬೈಲು ಹಿಡಿದು ಕೂತವರ ಪಾಡು ನೆನೆಸಿಕೊಳ್ಳಿ. ಮೊದಲನೆಯದರ ರೀಪ್ಲೇ ಮುಗಿದಿಲ್ಲ, ಕೆಳಗಿನ ಮನೆಯಿಂದ ಎರಡನೆಯದರ ಕೂಗು! ಗೊತ್ತಾಗಿಹೋದ ಗೋಲನ್ನು ನೋಡುವುದು ತಂಗಳು ಕಾಫಿ ಕುಡಿದ ಹಾಗೆ.

ನನ್ನ ಮತ ದೂರದರ್ಶನದ ಫ್ರೀ ಡಿಷ್‌ಗೆ. ಮಾಳಿಗೆಯ ಮೇಲೊಂದು ತಟ್ಟೆ, ಒಳಗೊಂದು ಡಬ್ಬಿ, ತಿಂಗಳ ಬಾಡಿಗೆ ಇಲ್ಲ. 2007ರ ಕಾಯ್ದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳ ಸಿಗ್ನಲನ್ನು ಖಾಸಗಿ ಚಾನೆಲ್ಲು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ, ಸೆಮಿಫೈನಲ್, ಫೈನಲ್ ಆ ಪಟ್ಟಿಯಲ್ಲಿವೆ. ಸ್ವಾರಸ್ಯ ಇರುವುದು ಮುಂದೆ. ಹಾಗೆ ಹಂಚಿಕೊಂಡ ಸಿಗ್ನಲ್ಲು ದೂರದರ್ಶನದ ಸ್ವಂತ ಗೋಪುರ ಮತ್ತು ಫ್ರೀ ಡಿಷ್ ದಾಟಿ ಖಾಸಗಿ ಕೇಬಲ್ಲಿಗೆ ಹೋಗಕೂಡದೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ದೂರದರ್ಶನದ ಫೈನಲ್ ಕೇಬಲ್ ಇಟ್ಟುಕೊಂಡವರಿಗಿಲ್ಲ, ತೆಗೆಸಿದವರಿಗಿದೆ! ಲೀಗ್ ಹಂತ ಪೂರ್ತಿ ಬೇಕೆನ್ನುವವರಿಗೆ ಇದು ಸಾಲದು, ನಿಜ. ಆ ಪಂದ್ಯಗಳಿಗೆ ಆ್ಯಪ್ ಇಟ್ಟುಕೊಳ್ಳಿ.

ಅದೇ ಡಬ್ಬಿಯಲ್ಲಿ ಆಕಾಶವಾಣಿಯೂ ಬರುತ್ತದೆ. ರೇಡಿಯೊ ಎಂದಕೂಡಲೇ ನನ್ನ ಮಾತು ಹಳಿ ತಪ್ಪುತ್ತದೆ, ಖಾಯಂ ಓದುಗರಿಗೆ ಗೊತ್ತಿದ್ದದ್ದೇ. 1986ರ ಜೂನ್ 22, ಮೆಕ್ಸಿಕೊದ ಅಜ್ಟೆಕಾ ಮೈದಾನ, ಇಂಗ್ಲೆಂಡ್ ಎದುರು. ಕೈಯಿಂದ ಹೊಡೆದ ಗೋಲಾಗಿ ನಾಲ್ಕೇ ನಿಮಿಷಕ್ಕೆ ಮರಡೋನಾ ತನ್ನದೇ ಅರ್ಧದಲ್ಲಿ ಚೆಂಡು ಪಡೆದ. ಬಿಯರ್ಡ್ಸ್‌ಲಿ, ರೀಡ್, ಬುಚರ್, ಫೆನ್ವಿಕ್, ಕೊನೆಗೆ ಗೋಲಿ ಶಿಲ್ಟನ್, ಎಲ್ಲರನ್ನೂ ದಾಟಿದ. ಅದನ್ನು ಕೋಟಿ ಜನ ಕಣ್ಣಲ್ಲಿ ನೋಡಿದರು. ಅರ್ಜೆಂಟೀನಾ ಮಾತ್ರ ಅದನ್ನು ಇವತ್ತಿಗೂ ಕಿವಿಯಲ್ಲಿ ಇಟ್ಟುಕೊಂಡಿದೆ. ರೇಡಿಯೊ ವೀಕ್ಷಕ ವಿವರಣೆಗಾರ ವಿಕ್ಟರ್ ಹ್ಯೂಗೊ ಮೊರಾಲೆಸ್ ಉರುಗ್ವೆಯವರು. ಆ ಹೊತ್ತಿಗೆ ಮರಡೋನಾನನ್ನು ಬ್ರಹ್ಮಾಂಡದ ಗಾಳಿಪಟವೆಂದು ಕರೆದರು, ಯಾವ ಗ್ರಹದಿಂದ ಬಂದೆ ಎಂದು ಕೇಳಿದರು, ಅಳುತ್ತಲೇ ದೇವರಿಗೆ ಕೃತಜ್ಞತೆ ಹೇಳಿದರು. ಚೆಂಡು ಪಾಸ್ ಮಾಡಿದ ಎಕ್ಟರ್ ಎನ್ರಿಕೆ ಆಮೇಲೆ, ಅಂಥ ಪಾಸ್ ಕೊಟ್ಟ ಮೇಲೆ ಗೋಲಾಗದೆ ಇರುತ್ತದೆಯೇ ಎಂದು ತಮಾಷೆ ಮಾಡಿದನಂತೆ. ಅವನು ಕೊಟ್ಟದ್ದು ನಾಲ್ಕು ಹೆಜ್ಜೆಯಾಚೆಗಿನ ಪಾಸು!

ಆಕಾಶವಾಣಿಯವರಲ್ಲಿ ಕೇಳಿಕೊಳ್ಳುವುದಿಷ್ಟೇ: ಈ ಸಲ ಫೈನಲ್ ಒಂದನ್ನಾದರೂ ಕನ್ನಡದಲ್ಲಿ ಹೇಳಿಸಿ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರರ ಜೊತೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ ಜನರಿದ್ದಾರೆ. ಕೇಳುವವರಿಲ್ಲ ಎಂಬ ನೆಪ ಮಾತ್ರ ಬೇಡ.