ಸುಟ್ಟ ಮೇಲೂ ಮುತ್ತಲ

ಫೆಬ್ರುವರಿ ಮುಗಿಯುವ ಹೊತ್ತಿಗೆ ಬೀದರಿನಿಂದ ಭಾಲ್ಕಿಗೆ, ಅಲ್ಲಿಂದ ಔರಾದಿಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ಹಬ್ಬ ಅಂತ ಉಳಿಯುವುದು ಮುತ್ತಲವೊಂದೇ. ಜೋಳ, ಕಡಲೆ ಮನೆ ಸೇರಿರುತ್ತವೆ, ಕರಿಮಣ್ಣು ಬಾಯಿ ಬಿಟ್ಟಿರುತ್ತದೆ. ಬದುವಿನ ಮೇಲೆ ಎಲೆ ಉದುರಿದ ಸೊಟ್ಟ ಮರ, ಮೈತುಂಬ ಕೇಸರಿ.

ಹಳೆಯ ಕವಿಗಳು ಈ ಹೂವಿನಲ್ಲಿ ಗಿಳಿಯ ಕೊಕ್ಕು ಕಂಡರು, ವಾಸನೆಯಿಲ್ಲವೆಂದು ಹಂಗಿಸಿದರು. ನನಗೆ ಅರಳಿದ ಹೂವಿಗಿಂತ ಮೊಗ್ಗು ಸೊಗಸು. ಅದರ ತೊಟ್ಟು, ಬಟ್ಟಲು ಎರಡೂ ಕಪ್ಪುಗಂದು ಮಖಮಲ್ಲು. ಬಿರಿದ ಸೀಳಿನಲ್ಲಿ ಕೇಸರಿ ಇಣುಕುವಾಗ ಒಲೆಯ ಇದ್ದಿಲಿಗೆ ಈಗಷ್ಟೇ ಕಿಡಿ ಹತ್ತಿದ ಹಾಗೆ. ದಳದ ಹೊರಮೈಗೆ ಬೆಳ್ಳಿಬಣ್ಣದ ನವಿರು ರೋಮವುಂಟು, ಬೆರಳಾಡಿಸಿದವರಿಗೇ ಗೊತ್ತು. ವಾಸನೆ ಯಾರಿಗೆ ಬೇಕು? ಇಲ್ಲಿ ಪರಾಗ ಸಾಗಿಸುವವರು ಹೆಚ್ಚಾಗಿ ಹಕ್ಕಿಗಳು. ಮೈನಾ, ಸೂರಕ್ಕಿಗಳಿಗೆ ದೂರದಿಂದ ಬಣ್ಣ ಕಂಡರೆ ಸಾಕು, ಹತ್ತಿರ ಬಂದಾಗ ಮಕರಂದ ಸಿಕ್ಕರೆ ಸಾಕು.

ನಿಜವಾದ ಬೆಂಕಿ ಬೀಳುವುದೂ ಈ ದಿನಗಳಲ್ಲೇ. ಬೀದರ್ ಪಕ್ಕದ ಹೊನ್ನಿಕೇರಿಯಂಥ ಕುರುಚಲು ಕಾಡಿಗೆ ಒಣಹುಲ್ಲೇ ಶತ್ರು. ಆರದ ಬೀಡಿ ತುಂಡೊಂದು ಸಾಕು. ಉರಿ ನೆಲದ ಮೇಲೆ ಸರಸರನೆ ಹರಿದು ಹೋಗುತ್ತದೆ, ಮಣ್ಣಿನ ಆಳಕ್ಕೆ ಇಳಿಯುವುದಿಲ್ಲ. ಮುತ್ತಲದ ಬಂಡವಾಳವೆಲ್ಲ ಇರುವುದೇ ಅಲ್ಲಿ. ಅದರ ಸಸಿ ಮೊದಲು ಬೇರನ್ನು ದಪ್ಪ ಮಾಡಿಕೊಳ್ಳುತ್ತದೆ, ಕಾಂಡದ ಚಿಂತೆ ಆಮೇಲೆ. ಮೇಲಿನದು ಸುಟ್ಟು ಹೋದರೆ ಬುಡದಿಂದ, ಅಡ್ಡಬೇರುಗಳಿಂದ ಹೊಸ ಕುಡಿ ಏಳುತ್ತದೆ. ಮುತ್ತಲವನ್ನು ಪಳಸವೆನ್ನುವ ನಮ್ಮ ಕಡೆಯ ಮರಾಠಿಗರು, ಎಲ್ಲಿಗೆ ಹೋದರೂ ಪಳಸಕ್ಕೆ ಎಲೆ ಮೂರೇ ಎಂದು ಬೇಸರದಿಂದ ಆಡುವ ಮಾತನ್ನು ಬೂದಿಯ ನಡುವೆ ಆ ಮೂರೆಲೆ ಕಂಡಾಗ ಹೊಗಳಿಕೆಯೆಂದೇ ಓದಬೇಕು.

ಅಮೆರಿಕದ ಲಾಡ್ಜ್‌ಪೋಲ್ ಪೈನ್ ಮರದ್ದು ಬೇರೆಯೇ ಉಪಾಯ. ಅನೇಕ ಮರಗಳ ಕಾಯಿಗಳು ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತವೆ. ಬೆಂಕಿಯ ಕಾವಿಗೆ ರಾಳ ಕರಗಿ ಬೀಜ ಉದುರುತ್ತದೆ. ತಾಯಿಮರ ಸಾಯುತ್ತದೆ, ಬೂದಿಯಲ್ಲಿ ಮಕ್ಕಳು ಏಳುತ್ತವೆ. 1988ರಲ್ಲಿ ಅಲ್ಲಿನ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ಉರಿದ ಮೇಲೆ ಅಲ್ಲಿ ಸಸಿಗಳು ಕಿಕ್ಕಿರಿದು ಹುಟ್ಟಿದ್ದು ಹೀಗೆ. ಈ ಲೆಕ್ಕ ನೂರು, ಇನ್ನೂರು ವರ್ಷಕ್ಕೊಮ್ಮೆ ಬರುವ ಬೆಂಕಿಗೆ ಕೂಡಿಸಿದ್ದು. 2016ರಲ್ಲಿ, ಇನ್ನೂ 28 ವರ್ಷದ ಎಳೆಮರಗಳಿಗೇ ಮತ್ತೆ ಉರಿ ತಗುಲಿದಾಗ ಕಾಯಿಯ ಕಣಜ ತುಂಬಿರಲಿಲ್ಲ. ಹಿಂದಿನಷ್ಟು ಸಸಿಗಳು ಏಳಲಿಲ್ಲ.

ಮುತ್ತಲ ಅಷ್ಟು ಸುಲಭಕ್ಕೆ ಸಾಯುವ ಪೈಕಿಯಲ್ಲ. ಅದು ಕಳೆದುಕೊಳ್ಳುವುದು ಎತ್ತರ. ಜ್ವಾಲೆಯನ್ನು ಮೀರಿ ಬೆಳೆಯಲು ಅದಕ್ಕೆ ಒಂದಷ್ಟು ವರ್ಷ ಬಿಡುವು ಬೇಕು, ತೊಗಟೆ ದಪ್ಪವಾಗಬೇಕು. ವರ್ಷವರ್ಷವೂ ಉರಿದರೆ ಮೊಣಕಾಲೆತ್ತರದ ಪೊದೆಯಾಗಿಯೇ ಉಳಿಯುತ್ತದೆ: ಹೂವಿಲ್ಲ, ತುದಿಯಲ್ಲಿ ಒಂದೇ ಬೀಜ ಹೊತ್ತು ಗಾಳಿಗೆ ಹಾರುವ ಆ ಚಪ್ಪಟೆ ಕಾಯಿಯೂ ಇಲ್ಲ. ಭಾಲ್ಕಿಯ ಬದುವಿನ ಮರ ಮೈತುಂಬ ಅರಳಿದೆಯೆಂದರೆ ಸುತ್ತಲ ಉತ್ತ ಹೊಲ ಉರಿಯನ್ನು ತಡೆದಿದೆ ಎಂದರ್ಥ. ಕಾಡಿನ ಪೊದೆ ಪುಟ್ಟದೆಂದು ಅದನ್ನು ಎಳೆಯದೆನ್ನುವಂತಿಲ್ಲ. ಅದರ ಬೇರು ಬದುವಿನ ಮರಕ್ಕಿಂತ ಹಳೆಯದಿರಬಹುದು. ಪತ್ರಾವಳಿ ಹಚ್ಚುವವರಿಗೆ ಮಾತ್ರ ಈ ಪೊದೆಯೇ ಮೇಲು. ದಪ್ಪ ಬೇರಿನ ಕಸುವೆಲ್ಲ ನಾಲ್ಕೇ ಕುಡಿಗಳಿಗೆ ಹರಿದು ಎಲೆ ಅಗಲವಾಗಿರುತ್ತದೆ, ಬಗ್ಗಿದರೆ ಕೈಗೂ ಸಿಗುತ್ತದೆ.