ಹುಂಜದ ಮೇಲೆ ದೂರು ಹೇಳುವ ಮುಂಚೆ

ಕೆಂಗೇರಿ ದಾಟಿ ಕೊಮ್ಮಘಟ್ಟ, ಸೂಲಿಕೆರೆ ಕಡೆ ಮನೆ ಪಕ್ಕ ಒಂದಿಷ್ಟು ಖಾಲಿ ಜಾಗ ಉಳಿಸಿಕೊಂಡು ನಾಟಿ ಕೋಳಿ ಸಾಕುವವರು ಸಿಕ್ಕಾಗಲೆಲ್ಲ ಒಂದೇ ದೂರು: ‘ನಮ್ಮ ಹುಂಜ ಹೇಟೆಗಳನ್ನ ಒಂದು ಗಳಿಗೆ ಸುಮ್ನೆ ಬಿಡಲ್ಲ ಸಾರ್, ಏನ್ ಮಾಡೋದು?’ ಹೇಟೆ ಎಷ್ಟಿವೆ ಎಂದು ಕೇಳುತ್ತೇನೆ. ಮೂರು, ಹೆಚ್ಚೆಂದರೆ ನಾಲ್ಕು ಅನ್ನುತ್ತಾರೆ. ರೋಗದ ಮೂಲ ಅಲ್ಲೇ ಸಿಕ್ಕಿತು.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಟೆ ಬೇಕು. ಗಟ್ಟಿಮುಟ್ಟಾದ ಹುಂಜ ದಿನಕ್ಕೆ ಹತ್ತಾರು ಸಲ ಮೆಟ್ಟುತ್ತದೆ. ಹೇಟೆ ಮೂರೇ ಇದ್ದರೆ ಅಷ್ಟೂ ಭಾರ ಮೂರು ಬೆನ್ನಿನ ಮೇಲೆ. ಸಾಲದ್ದಕ್ಕೆ ಪ್ರತಿ ಹುಂಜಕ್ಕೂ ಒಂದು ಮೆಚ್ಚಿನ ಹೇಟೆ ಇದ್ದೇ ಇರುತ್ತದೆ. ಮೊದಲು ಬೋಳಾಗುವುದು ಅದರ ಬೆನ್ನೇ.

ರಾತ್ರಿ ಗೂಡು ಸೇರಿದ ಮೇಲೆ ಟಾರ್ಚ್ ಹಿಡಿದು ಒಂದೊಂದೇ ಹೇಟೆಯನ್ನು ಎತ್ತಿ ನೋಡಿ. ಹುಂಜ ಕೊಕ್ಕಿನಲ್ಲಿ ಕಚ್ಚಿ ಹಿಡಿಯುವ ಹಿಂಗತ್ತಿನಲ್ಲಿ ಪುಕ್ಕ ಕಿತ್ತಿರುತ್ತದೆ. ರೆಕ್ಕೆ ಬುಡದ ಹತ್ತಿರ ಮುರಿದ ಪುಕ್ಕದ ಕಡ್ಡಿಗಳು ಸವೆದ ಪೊರಕೆಯ ಹಾಗೆ ನಿಂತಿರುತ್ತವೆ. ರೆಕ್ಕೆ ಎತ್ತಿ ಪಕ್ಕೆಯನ್ನೂ ನೋಡಬೇಕು. ಉಗುರು ಗೀರಿದ ಗಾಯ ಅಲ್ಲಿ ಅಡಗಿರುತ್ತದೆ. ಹೊರಗೆ ಕಾಣದೆ ನೊಣ ಕೂತು ಹುಳ ಬಿದ್ದುಬಿಡುತ್ತದೆ. ಸಣ್ಣ ಗೀರಿಗೆ ಅರಿಶಿನ, ಬೇವಿನೆಣ್ಣೆ ಸಾಕು. ಚರ್ಮ ಹರಿದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ತಳಿಯ ತೂಕವನ್ನೂ ಮರೆಯುವ ಹಾಗಿಲ್ಲ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಹೊರತಂದ ಗಿರಿರಾಜ ನಮ್ಮ ಹಿತ್ತಿಲುಗಳಿಗೆ ಹೇಳಿ ಮಾಡಿಸಿದ ತಳಿ. ಆದರೆ ಬಲಿತ ಗಿರಿರಾಜ ಹುಂಜವನ್ನು ಸಣ್ಣ ಮೈಯ ನಾಟಿ ಹೇಟೆಗಳ ನಡುವೆ ಬಿಟ್ಟರೆ ಅದರ ಭಾರಕ್ಕೇ ಅವು ಸೋಲುತ್ತವೆ. ನಾಟಿಗೆ ನಾಟಿ, ಗಿರಿರಾಜಕ್ಕೆ ಗಿರಿರಾಜ. ಜೋಡಿ ಸರಿಸಮ ಇರಲಿ.

ಇನ್ನು ವಯಸ್ಸು. ಐದಾರು ತಿಂಗಳ ಹುಂಜಕ್ಕೆ ಆತುರವೇ ಎಲ್ಲ. ಓಡಿಸಿಕೊಂಡು ಹೋಗಿ ಹಾರಿ ಹತ್ತುತ್ತದೆ. ವರ್ಷ ದಾಟಿದ ಒಳ್ಳೆಯ ಹುಂಜದ ರೀತಿಯೇ ಬೇರೆ. ಹುಳ ಕಂಡರೆ ತಾನು ತಿನ್ನದೆ ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ‘ಕೊಕ್ ಕೊಕ್’ ಎಂದು ಹೇಟೆಗಳನ್ನು ಕರೆಯುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು, ಅಡ್ಡಡ್ಡ ಹೆಜ್ಜೆ ಹಾಕಿ ಸುತ್ತುತ್ತದೆ. ಹೇಟೆ ಕುಕ್ಕರಿಸಿದರೆ ಸರಿ, ಸರಿದು ಹೋದರೆ ತಾನೂ ಮೇಯಲು ಹೋಗುತ್ತದೆ. ಹುಂಜ ಕೊಳ್ಳುವಾಗ ಬಣ್ಣ, ಜುಟ್ಟು ನೋಡುವವರು ಈ ನಡತೆಯನ್ನೂ ಅರ್ಧ ಗಂಟೆ ನಿಂತು ನೋಡಬೇಕು.

ಹೊರೆ ಹಂಚಿಹೋಗಲಿ ಎಂದು ಇನ್ನೊಂದು ಹುಂಜ ತರುವವರಿದ್ದಾರೆ. ಅದು ಉರಿಯುವ ಬೆಂಕಿಗೆ ತುಪ್ಪ. ಎರಡೂ ಪೈಪೋಟಿಗೆ ಬಿದ್ದು ಅದೇ ಹೇಟೆಗಳನ್ನು ಮೆಟ್ಟುತ್ತವೆ.

ಸುಲಭದ ಉಪಾಯ ನಮ್ಮ ಅಜ್ಜಿಯರದು: ಹುಂಜದ ಮೇಲೆ ಮಂಕರಿ ಕವುಚುವುದು. ಮೆಟ್ಟುವ ಹುರುಪು ಇಳಿಹೊತ್ತಿಗೆ ಏರುತ್ತದೆ. ಬಿಸಿಲು ತಗ್ಗಿದ ಮೇಲೆ ಹುಂಜವನ್ನು ಬೇರೆ ಕಟ್ಟಿನಲ್ಲಿ ನೀರು, ಕಾಳು ಇಟ್ಟು ಕೂಡಿಹಾಕಿದರೆ ಹೇಟೆಗಳಿಗೆ ಅರ್ಧ ಬಿಡುಗಡೆ. ಮೊಟ್ಟೆಗಳು ಮರಿಯಾಗವು ಎಂಬ ಭಯ ಬೇಡ. ಒಮ್ಮೆ ಕೂಡಿದ ಹೇಟೆಯ ಮೈಯೊಳಗೆ ವೀರ್ಯ ಹತ್ತು ದಿನಕ್ಕೂ ಮಿಕ್ಕಿ ಉಳಿಯುತ್ತದೆ. ವಾರದಲ್ಲಿ ಎರಡು ದಿನ ಹುಂಜವನ್ನು ಬಿಟ್ಟರೂ ಕಾವಿಗೆ ಇಟ್ಟದ್ದು ನಷ್ಟವಾಗದು. ಜೊತೆಗೆ ಉಗುರು, ಕಾಲುಮುಳ್ಳುಗಳ ಚೂಪು ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿ. ಬೋಳಾದ ಬೆನ್ನಿಗೆ ಹಳೆ ಜೀನ್ಸ್ ಬಟ್ಟೆಯ ಹೊದಿಕೆ ಹೊಲಿದು ರೆಕ್ಕೆ ಬುಡಕ್ಕೆ ಎಲಾಸ್ಟಿಕ್ ಹಾಕಿ. ಮಳೆಯಲ್ಲಿ ನೆನೆದರೆ ಬಿಚ್ಚಿ, ಆಗಾಗ ಹೇನು ನೋಡಿ.

ಹೇಟೆಯೇನೂ ಬರಿದೆ ಸಹಿಸುವ ಜೀವವಲ್ಲ. ವಿಜ್ಞಾನಿಗಳಾದ ಟೊಮಾಸೊ ಪಿಜ್ಜಾರಿ ಮತ್ತು ಟಿಮ್ ಬರ್ಕ್‌ಹೆಡ್ 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದಂತೆ, ಬಲವಂತವಾಗಿ ಹತ್ತಿದ ಕೆಳದರ್ಜೆಯ ಹುಂಜದ ವೀರ್ಯವನ್ನು ಹೇಟೆ ಹೊರದಬ್ಬಿಬಿಡುತ್ತದೆ. ಆಯ್ಕೆ ಕೊನೆಗೂ ಅದರದ್ದೇ. ಆದರೆ ಹರಿದ ಬೆನ್ನನ್ನು ಅದು ತಾನೇ ಹೊಲಿದುಕೊಳ್ಳಲಾರದು; ಆ ಕೆಲಸ ಸಾಕಿದವರದ್ದು.

ರಾಜಾಜಿನಗರ, ವಿಜಯನಗರದ ಮೂವತ್ತು–ನಲವತ್ತು ಸೈಟಿನಲ್ಲಿ ಮಹಡಿ ಮೇಲೆ ನಾಲ್ಕು ಕೋಳಿ ಸಾಕುವವರಿಗೆ ಇದ್ಯಾವ ರಗಳೆಯೂ ಬೇಡ. ಹುಂಜ ಇಲ್ಲದೆಯೂ ಹೇಟೆ ಮೊಟ್ಟೆ ಇಡುತ್ತದೆ. ಹುಂಜ ಬೇಕಾದದ್ದು ಮರಿಗೆ. ಪಕ್ಕದ ಮನೆಯವರ ನಿದ್ದೆಯೂ ಉಳಿದೀತು.

ಇಷ್ಟೆಲ್ಲ ಮಾಡಿಯೂ ಹುಂಜ ಬುದ್ಧಿ ತಿದ್ದಿಕೊಳ್ಳದಿದ್ದರೆ ಹೆಚ್ಚು ಹೇಟೆ ಇರುವ ತೋಟದ ಮನೆಗೆ ಕೊಡಿ. ಇಲ್ಲವೇ ಹೊಸತೊಡಕು ಬರಲಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರೂ ಇಲ್ಲ. ಆದರೆ ಅರೆಯುವ ಮೊದಲು ಹೇಟೆಗಳನ್ನು ಇನ್ನೊಮ್ಮೆ ಎಣಿಸಿ. ಲೆಕ್ಕ ನಮ್ಮದು ತಪ್ಪಿದ್ದರೆ ಮುಂದಿನ ಹುಂಜವೂ ಇದನ್ನೇ ಮಾಡುತ್ತದೆ.