ವಿದ್ವತ್ಸಂಘದ ಋಣ

ವಿದ್ವತ್ಸಂಘವೊಂದರ ಯೋಗ್ಯತೆಯನ್ನು ಅಳೆಯತಕ್ಕುದು ಅದರ ಸಭೆಗಳ ವೈಭವದಿಂದಲ್ಲ. ಸದಸ್ಯನ ಶ್ರಮವನ್ನು ಅದು ಶಾಸ್ತ್ರದ ಆಸ್ತಿಯನ್ನಾಗಿ ಮಾಡಿತೇ ಎಂಬುದರಿಂದ. ೧೯೫೮ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ಭಾರತೀಯ ಭೂವೈಜ್ಞಾನಿಕ ಸಂಘವು ಈ ಪರೀಕ್ಷೆಯಲ್ಲಿ ಗೆದ್ದಿದೆಯೆಂದು ಒಪ್ಪಲೇಬೇಕು. ಮರುವರ್ಷವೇ ಆರಂಭವಾದ ಅದರ ಪತ್ರಿಕೆಯು, ದೂರದ ಗಣಿಯಲ್ಲಿ ಒಂಟಿಯಾಗಿ ದುಡಿಯುವ ಭೂವಿಜ್ಞಾನಿಗೂ ತನ್ನ ಶೋಧವನ್ನು ಸಮಾನಸ್ಕಂಧರ ವಿಮರ್ಶೆಗೆ ಒಡ್ಡುವ ಅವಕಾಶವನ್ನು ಕಲ್ಪಿಸಿತು. ಡಾ. ಬಿ. ಪಿ. ರಾಧಾಕೃಷ್ಣರು ಬಹುಕಾಲ ಸಂಪಾದಕರಾಗಿದ್ದು ಅದನ್ನು ಬೆಳೆಯಿಸಿದರು.

ಇಂತಹ ಸೇವೆಯ ಬೆಲೆಯು ಕೋಲಾರದ ಸೀಮೆಯಲ್ಲಿ ಎದ್ದು ಕಾಣುವುದು. ಸುಮಾರು ೩,೨೦೦ ಮೀಟರು ಆಳಕ್ಕಿಳಿದಿದ್ದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಸುರಂಗಗಳಲ್ಲಿ ನೀರು ತುಂಬಿತು. ಇಳಿದು ನೋಡಲಾಗದ ಆ ಶಿಲೆಗಳ ವೃತ್ತಾಂತವು ಇನ್ನು ದೊರೆಯುವುದು ಮುಖ್ಯವಾಗಿ ಬರೆದಿಟ್ಟ ಪುಟಗಳಲ್ಲಿ.

ಆದರೆ ಆ ಪತ್ರಿಕೆಯ ಭಾಷೆ ಇಂಗ್ಲಿಷು. ಗಣಿಗಳಿಗೆ ಅನತಿದೂರದ ಕಾಮಸಮುದ್ರದ ರೈತನು ಭೂಮಿಯಲ್ಲಿ ಅರಸುವುದು ಚಿನ್ನವನ್ನಲ್ಲ, ನೀರನ್ನು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯದು. ಬಂಡೆಯ ಬಿರುಕುಗಳಲ್ಲಿ ನೀರು ಹೇಗೆ ನಿಲ್ಲುವುದೆಂಬುದನ್ನು ತಿಳಿಸುವವರಿಲ್ಲದಿದ್ದರೆ, ಅವನು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೆಲೆ ತೋರಿಸುವವನನ್ನು ನಂಬಿ, ಸಾಲಮಾಡಿ ಕೊಳವೆಬಾವಿಯನ್ನು ಕೊರೆಯಿಸುವನು. ರಾಧಾಕೃಷ್ಣರು ಕನ್ನಡದಲ್ಲಿಯೂ ಬರೆದು ದಾರಿ ತೋರಿದರು. ಒಬ್ಬರ ಆ ಉತ್ಸಾಹವು ಸಂಘದ ನಿತ್ಯವಿಧಿಯಾಗಬೇಕು. ಶಾಸ್ತ್ರಕ್ಕೆ ಆಧಾರವಾದ ನೆಲದಲ್ಲಿ ಬಾಳುವವರಿಗೆ ಅದರ ಫಲವು ಅವರ ನುಡಿಯಲ್ಲಿ ದೊರೆಯುವವರೆಗೂ ವಿದ್ವತ್ಸಂಘದ ಋಣವು ತೀರದು.